ಎ, ಎಸ್, ಎಂ: ಕ್ಯಾಮೆರಾದ ಡಯಲ್ ಯಾವಾಗ ಎಲ್ಲಿರಬೇಕು?

ಕ್ಯಾಮೆರಾ ಕೊಂಡು ಆರು ತಿಂಗಳಾದವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಆಟೋ ಬಿಟ್ಟು ಹೊರಗೆ ಬರಬೇಕು ಅನ್ನಿಸ್ತಿದೆ. ನೇರವಾಗಿ ಮ್ಯಾನ್ಯುಯಲ್‌ಗೆ ಹೋಗಲಾ?" ಮ್ಯಾನ್ಯುಯಲ್‌ನಲ್ಲಿ ತೆಗೆದರೇನೇ ಅದು ಫೋಟೋಗ್ರಫಿ ಅಂತ ಯಾರೋ ಅವರಿಗೆ ಹೇಳಿರುತ್ತಾರೆ. ಒಂದು ವಾರ ಕಷ್ಟಪಡುತ್ತಾರೆ. ಮಗುವಿನ ಹುಟ್ಟುಹಬ್ಬದ ಫೋಟೋಗಳಲ್ಲಿ ಅರ್ಧ ಕಪ್ಪಗೆ, ಇನ್ನರ್ಧ ಬೆಳ್ಳಗೆ ಬರುತ್ತವೆ. ಬೇಜಾರಾಗಿ ಮತ್ತೆ ಹಸಿರು ಆಟೋಗೆ ಹೋದವರು ಅಲ್ಲೇ ಉಳಿದುಬಿಡುತ್ತಾರೆ. ಇದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಯಾಕೆಂದರೆ ಆಟೋಗೂ ಮ್ಯಾನ್ಯುಯಲ್‌ಗೂ ನಡುವೆ ಇನ್ನೂ ಎರಡು ಅಕ್ಷರಗಳಿವೆ. ನಾನು ಇಷ್ಟಪಟ್ಟು ಇಟ್ಟುಕೊಂಡಿರುವ ಫೋಟೋಗಳಲ್ಲಿ ಬಹುಪಾಲು ಬಂದಿರುವುದು ಅಲ್ಲಿಂದಲೇ.

ಯಾವ ಮೋಡ್ ದೊಡ್ಡದು, ಯಾವುದು ಚಿಕ್ಕದು ಎಂಬ ಲೆಕ್ಕ ಇಲ್ಲಿ ಬೇಡ. ಎದುರಿಗಿರುವ ದೃಶ್ಯ ನೋಡಿ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಇದರಲ್ಲಿ ಯಾವುದನ್ನು ಕ್ಯಾಮೆರಾದ ತೀರ್ಮಾನಕ್ಕೆ ಬಿಟ್ಟರೆ ಫೋಟೋ ಕೆಡುತ್ತದೆ? ಹಿಂದೆ ಮುಂದೆ ಎಷ್ಟು ಸ್ಪಷ್ಟವಾಗಿರಬೇಕು ಎಂಬುದಾದರೆ ‘ಎ’. ಓಡುವುದು, ಹಾರುವುದು, ಹರಿಯುವುದು ಹೇಗೆ ಕಾಣಬೇಕು ಎಂಬುದಾದರೆ ‘ಎಸ್’. ಬೆಳಕೇ ನಿಮಗೆ ಮುಖ್ಯ, ಅದು ಬದಲಾಗುತ್ತಿಲ್ಲ, ಆದರೆ ಕ್ಯಾಮೆರಾ ಮೋಸಹೋಗುತ್ತಿದೆ ಎಂದಾದರೆ ‘ಎಂ’.

ಅಕ್ಷರಗಳ ಪರಿಚಯ

ನಿಕಾನ್, ಸೋನಿ ಕ್ಯಾಮೆರಾಗಳಲ್ಲಿ ಪಿ, ಎ, ಎಸ್, ಎಂ ಎಂದಿರುತ್ತದೆ. ಕ್ಯಾನನ್‌ನಲ್ಲಿ ‘ಎ’ ಬದಲು ‘ಎವಿ’, ‘ಎಸ್’ ಬದಲು ‘ಟಿವಿ’. ಫ್ಯೂಜಿಫಿಲ್ಮ್‌ನ ಹಲವು ಮಾದರಿಗಳಲ್ಲಿ ಇಂಥ ಡಯಲ್ಲೇ ಇಲ್ಲ. ಲೆನ್ಸಿನ ಬಳೆಯನ್ನೋ ಶಟರ್ ಡಯಲನ್ನೋ ‘ಎ’ ಗುರುತಿಗೆ ತಿರುಗಿಸಿದರೆ ಆ ಕೆಲಸ ಕ್ಯಾಮೆರಾಗೆ ಹೋಗುತ್ತದೆ. ಹೆಸರು ಬೇರೆ, ಕೆಲಸ ಒಂದೇ. ಇದು ಡಿಜಿಟಲ್ ಕಾಲದಲ್ಲಿ ಬಂದದ್ದೂ ಅಲ್ಲ. 1978ರಲ್ಲಿ ಬಂದ ಫಿಲ್ಮ್ ಕ್ಯಾಮೆರಾ ಕ್ಯಾನನ್ ಎ-1ರಲ್ಲೇ ಈ ನಾಲ್ಕೂ ಒಟ್ಟಿಗೆ ಇದ್ದವು.

ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಅದರ ಅಳತೆಯೇ ಎಫ್ ಅಂಕಿ. ಶಟರ್ ಅಂದರೆ ಆ ಬೆಳಕು ಎಷ್ಟು ಹೊತ್ತು ಬೀಳಬೇಕು ಎಂದು ತೆರೆದು ಮುಚ್ಚುವ ಪರದೆ. ‘ಎ’ಯಲ್ಲಿ ಅಪರ್ಚರ್ ನಿಮ್ಮದು, ಶಟರ್ ಕ್ಯಾಮೆರಾದ್ದು. ‘ಎಸ್’ನಲ್ಲಿ ಇದು ತಿರುಗುಮುರುಗು. ‘ಎಂ’ನಲ್ಲಿ ಎರಡೂ ನಿಮ್ಮದೇ. ‘ಪಿ’ಯಲ್ಲಿ ಎರಡನ್ನೂ ಕ್ಯಾಮೆರಾ ಆರಿಸುತ್ತದೆ, ಆದರೆ ಐಎಸ್‌ಒ, ಬಣ್ಣ, ಫ್ಲ್ಯಾಶ್ ನಿಮ್ಮ ಕೈಯಲ್ಲಿರುತ್ತವೆ. (ಐಎಸ್‌ಒ ಎಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬುದರ ಅಂಕಿ.) ಹಸಿರು ಆಟೋ ಮಾತ್ರ ನಿಮ್ಮನ್ನು ಏನೂ ಕೇಳುವುದಿಲ್ಲ, ಕತ್ತಲಾದರೆ ಹಲವು ಕ್ಯಾಮೆರಾಗಳಲ್ಲಿ ತಾನಾಗಿಯೇ ಫ್ಲ್ಯಾಶ್ ಎಬ್ಬಿಸುತ್ತದೆ. ಕ್ಯಾಮೆರಾವನ್ನು ಬೇರೆಯವರ ಕೈಗೆ ಕೊಟ್ಟು "ನಮ್ಮದೊಂದು ಫೋಟೋ ತೆಗೀರಿ" ಅನ್ನುವಾಗ ಪಿ ಸಾಕು. ಅದಕ್ಕಿಂತ ಜಾಸ್ತಿ ನಾನು ಅದನ್ನು ಬಳಸಿಲ್ಲ.

‘ಎ’: ದಿನನಿತ್ಯದ ಮನೆ

ಹತ್ತರಲ್ಲಿ ಏಳೆಂಟು ಸಲ ನನ್ನ ಡಯಲ್ ಇಲ್ಲೇ ಇರುತ್ತದೆ. ಹೊಸಬರಿಗೂ ಮೊದಲು ಇದನ್ನೇ ಹೇಳುತ್ತೇನೆ. ಯಾಕೆಂದರೆ ನಾವು ತೆಗೆಯುವ ಫೋಟೋಗಳಲ್ಲಿ ಹೆಚ್ಚಿನವು ನಿಂತ ವಸ್ತುಗಳದ್ದು, ಕೂತ ಮನುಷ್ಯರದ್ದು. ಅಲ್ಲಿ ಮೊದಲು ನಿರ್ಧರಿಸಬೇಕಾದದ್ದು ಹಿನ್ನೆಲೆಯನ್ನು.

ಜಗಲಿಯ ಮೇಲೆ ಕೂತ ಅಜ್ಜಿಯ ಫೋಟೋ ತೆಗೆಯುತ್ತಿದ್ದೀರಿ ಅಂದುಕೊಳ್ಳಿ. ಹಿಂದೆ ಹಗ್ಗದ ಮೇಲೆ ಒಣಹಾಕಿದ ಬಟ್ಟೆ, ನೀರಿನ ಡ್ರಮ್ಮು, ನಿಂತ ಬೈಕು. 50 ಎಂಎಂ ಲೆನ್ಸಿನಲ್ಲಿ ಎಫ್ 1.8 ಇಟ್ಟರೆ ಅವೆಲ್ಲ ಕರಗಿ ಬಣ್ಣದ ಕಲೆಗಳಾಗುತ್ತವೆ, ಅಜ್ಜಿಯ ಮುಖ ಮಾತ್ರ ಉಳಿಯುತ್ತದೆ. ಆದರೆ ತುಂಬಾ ಹತ್ತಿರ ಹೋದರೆ ಒಂದು ಕಣ್ಣು ಸ್ಪಷ್ಟವಾಗಿ, ಇನ್ನೊಂದು ಮಸುಕಾಗಿ ಬರುವ ಅಪಾಯವೂ ಇದೆ. ಹಾಗಾಗಿ ಒಬ್ಬರೇ ಇದ್ದರೆ ಎಫ್ 2.8, ಇಬ್ಬರು ಮೂವರು ಅಕ್ಕಪಕ್ಕ ಇದ್ದರೆ ಎಫ್ 4, ಎರಡು ಸಾಲಿನ ಕುಟುಂಬದ ಫೋಟೋಗೆ ಎಫ್ 8 ಇಟ್ಟುಕೊಳ್ಳುತ್ತೇನೆ. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು ಎಂಬುದು ಮೊದಮೊದಲು ಎಲ್ಲರಿಗೂ ಗೊಂದಲ. ‘ಎ’ಯಲ್ಲಿ ಒಂದು ತಿಂಗಳು ಇದ್ದರೆ ಬೆರಳಿಗೇ ಅಭ್ಯಾಸವಾಗಿಬಿಡುತ್ತದೆ.

ಸೋಮನಾಥಪುರದ ಕೇಶವ ದೇವಸ್ಥಾನದಲ್ಲಿ ಇದೇ ‘ಎ’ ಬೇರೆ ರೀತಿ ಕೆಲಸಕ್ಕೆ ಬರುತ್ತದೆ. ಅಂಗಳದಲ್ಲಿ ನಿಂತು ಇಡೀ ಗುಡಿ ಬೇಕು, ಹತ್ತಿರದ ಜಗತಿಯ (ಗುಡಿ ನಿಂತಿರುವ ಕಟ್ಟೆ) ಅಂಚಿನಿಂದ ಹಿಂದಿನ ಗೋಪುರದವರೆಗೆ ಎಲ್ಲವೂ ಸ್ಪಷ್ಟವಾಗಿರಬೇಕು. ಅಲ್ಲಿ ಎಫ್ 8 ಅಥವಾ 11. ಇನ್ನೂ ಸ್ಪಷ್ಟವಾಗಲಿ ಅಂತ 22ಕ್ಕೆ ಹೋಗಬೇಡಿ. ಕಿಂಡಿ ತುಂಬಾ ಕಿರಿದಾದರೆ ಅದರ ಮೂಲಕ ಬರುವ ಬೆಳಕು ಹರಡಿಕೊಂಡು ಇಡೀ ಚಿತ್ರ ಸ್ವಲ್ಪ ಮೆತ್ತಗಾಗುತ್ತದೆ. ಒಳಗೆ ನವರಂಗಕ್ಕೆ ಕಾಲಿಟ್ಟರೆ ಕತ್ತಲು. ಛಾವಣಿಯ ಕೆತ್ತನೆ, ತಿರುಗಣೆಯಲ್ಲಿ ಕಡೆದಂತಿರುವ ಕಂಬ ಬೇಕೆಂದರೆ ಕಿಂಡಿ ತೆರೆಯಬೇಕು, ಐಎಸ್‌ಒ ಏರಿಸಬೇಕು. ಇಂಥ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕಾಗುತ್ತದೆ, ಮೊದಲೇ ವಿಚಾರಿಸಿಕೊಳ್ಳಿ. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದಾಗ ಸಿಗುವ ಎಫ್ 5.6ಕ್ಕೂ 50 ಎಂಎಂ ಲೆನ್ಸಿನ ಎಫ್ 1.8ಕ್ಕೂ ಬೆಳಕಿನಲ್ಲಿ ಸುಮಾರು 10 ಪಟ್ಟು ವ್ಯತ್ಯಾಸ. ಅಲ್ಲಿ ನಿಂತಾಗ ಆ ಪುಟ್ಟ ಲೆನ್ಸಿನ ಬೆಲೆ ಗೊತ್ತಾಗುತ್ತದೆ.

‘ಎ’ಯ ಒಂದು ಬಲೆಯಲ್ಲಿ ನಾನೇ ಬಿದ್ದಿದ್ದೇನೆ. ಮೊದಲ ಸಲ ರಂಗನತಿಟ್ಟಿಗೆ ಹೋದ ದಿನ ಮೋಡ ಮುಚ್ಚಿತ್ತು. ಬೆಳಗಿನ ಮೊದಲ ದೋಣಿ, 300 ಎಂಎಂ ಲೆನ್ಸು, ಎಫ್ 8, ಐಎಸ್‌ಒ 100. ಬಣ್ಣದ ಕೊಕ್ಕರೆಗಳು ಕಡ್ಡಿ ಕಚ್ಚಿಕೊಂಡು ತಲೆಯ ಮೇಲೆಯೇ ಹಾರಿ ಹೋದವು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗಿ ಕಂಡವು. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಒಂದರ ರೆಕ್ಕೆಯೂ ಸ್ಪಷ್ಟವಿಲ್ಲ, ಮರದ ಮೇಲೆ ಸುಮ್ನೆ ಕೂತ ಹಕ್ಕಿಯೂ ಅಲುಗಿದೆ. ನಾನು ಅಪರ್ಚರ್ ಮಾತ್ರ ನೋಡುತ್ತಿದ್ದೆ. ಕ್ಯಾಮೆರಾ ಶಟರನ್ನು 1/100 ಸೆಕೆಂಡಿಗೆ ಇಳಿಸಿತ್ತು. ದೋಣಿ ತೂಗುತ್ತಿರುವಾಗ, ಅಷ್ಟು ಉದ್ದದ ಲೆನ್ಸಿನಲ್ಲಿ ಅದು ಯಾವುದಕ್ಕೂ ಸಾಲದು. ಐಎಸ್‌ಒ 800 ಇಟ್ಟಿದ್ದರೆ ಅದೇ ಬೆಳಕಿನಲ್ಲಿ 1/800 ಸಿಗುತ್ತಿತ್ತು. ಜೊತೆಗೆ ಎಫ್ 5.6ಕ್ಕೂ ತೆರೆದಿದ್ದರೆ 1/1600.

ಇದಕ್ಕೆ ಪರಿಹಾರ ಮೆನುವಿನಲ್ಲೇ ಇದೆ. ಆಟೋ ಐಎಸ್‌ಒ ಆನ್ ಮಾಡಿ, ಅದರೊಳಗೆ ‘ಮಿನಿಮಮ್ ಶಟರ್ ಸ್ಪೀಡ್’ ಎಂಬುದನ್ನು ಹುಡುಕಿ. ಕೂತವರಿಗೆ 1/125, ಓಡಾಡುವ ಮಕ್ಕಳಿಗೆ 1/250, ಹಕ್ಕಿಗೆ 1/1000 ಎಂದು ಗೆರೆ ಹಾಕಿಬಿಡಿ. ಬೆಳಕು ಕಡಿಮೆಯಾದಾಗ ಕ್ಯಾಮೆರಾ ಆ ಗೆರೆ ದಾಟಿ ಕೆಳಗೆ ಇಳಿಯುವ ಬದಲು ಐಎಸ್‌ಒ ಏರಿಸಿಕೊಳ್ಳುತ್ತದೆ. ಐಎಸ್‌ಒ ಮೇಲ್ಮಿತಿ 6400 ಇಟ್ಟರೆ ಇವತ್ತಿನ ಕ್ಯಾಮೆರಾಗಳಲ್ಲಿ ಫೋಟೋ ಚೆನ್ನಾಗಿಯೇ ಇರುತ್ತದೆ. ಸ್ವಲ್ಪ ನಾಯ್ಸ್ (ಮರಳು ಎರಚಿದಂಥ ಚುಕ್ಕೆಗಳು) ಬರುತ್ತದೆ ನಿಜ, ಅದನ್ನು ಆಮೇಲೆ ಕಡಿಮೆ ಮಾಡಬಹುದು. ಅಲುಗಿದ ಫೋಟೋವನ್ನು ಸರಿಮಾಡುವುದು ಬಹಳ ಕಷ್ಟ. ಕೆಲವು ಹಳೆಯ ಮಾದರಿಗಳಲ್ಲಿ ಈ ಆಯ್ಕೆ ಇರುವುದಿಲ್ಲ. ಅಂಥ ಕ್ಯಾಮೆರಾ ಇರುವವರು ವೇಗದ ವಿಷಯ ಬಂದಾಗ ‘ಎಸ್’ಗೆ ಹೋಗುವುದೇ ಒಳ್ಳೆಯದು.

‘ಎಸ್’: ಚಲನೆಯೇ ಫೋಟೋ ಆದಾಗ

ಕಂಬಳದ ಕರೆಯ, ಅಂದರೆ ಕೋಣ ಓಡುವ ಕೆಸರಿನ ಅಂಕಣದ, ಪಕ್ಕ ನಿಂತು ನೋಡಿ. ಕೋಣಗಳು ನಿಮ್ಮ ಎದುರಿನಿಂದ ಅಡ್ಡ ಓಡುತ್ತವೆ, ಹಿಂದೆ ಓಡಿಸುವವನು. 1/2000 ಇಟ್ಟರೆ ಕೆಸರಿನ ಒಂದೊಂದು ಹನಿಯೂ ಗಾಳಿಯಲ್ಲಿ ನಿಂತುಬಿಡುತ್ತದೆ. ನೋಡಲು ಚೆಂದ, ಆದರೆ ಪಕ್ಕದಿಂದ ತೆಗೆದರೆ ಕೋಣಗಳೂ ನಿಂತಂತೆಯೇ ಕಾಣುತ್ತವೆ. ಓಟದ ರಭಸ ಹೋಯಿತು. ಅದೇ ಜಾಗದಲ್ಲಿ 1/60 ಇಟ್ಟು, ಕೋಣಗಳ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ಕ್ಲಿಕ್ ಮಾಡಿ. ಕೋಣದ ತಲೆ ಸ್ಪಷ್ಟ, ಕಾಲುಗಳು ಮಸುಕು, ಹಿಂದಿನ ಜನಜಂಗುಳಿಯೆಲ್ಲ ಅಡ್ಡಗೆರೆಗಳು. ಇದಕ್ಕೆ ಪ್ಯಾನಿಂಗ್ ಎನ್ನುತ್ತಾರೆ. ಇಪ್ಪತ್ತು ತೆಗೆದರೆ ಒಂದು ಸರಿಯಾಗಿ ಬರಬಹುದು. ಆ ಒಂದಕ್ಕಾಗಿ ಹತ್ತೊಂಬತ್ತು ಕಳೆದುಕೊಳ್ಳಬಹುದು ಅನ್ನುವುದು ನನ್ನ ಅನುಭವ.

ಕೈಯ ತಿರುವು ಶುರುವಾಗಬೇಕಾದದ್ದು ಕೋಣಗಳು ನಿಮ್ಮ ಎದುರು ಬರುವ ಮೊದಲೇ. ಕ್ಲಿಕ್ ಮಾಡಿದ ಮೇಲೂ ಕೈ ನಿಲ್ಲಿಸಬೇಡಿ, ಸೊಂಟದಿಂದ ಮೇಲೆ ಇಡೀ ಮೈ ತಿರುಗಲಿ. ಮೊದಲು 1/125ರಲ್ಲಿ ಅಭ್ಯಾಸ ಮಾಡಿ, ಆಮೇಲೆ ಇಳಿಯುತ್ತಾ ಹೋಗಿ. ಕಂಬಳಕ್ಕೇ ಹೋಗಬೇಕಿಲ್ಲ, ಮನೆ ಮುಂದಿನ ರಸ್ತೆಯಲ್ಲಿ ಹೋಗುವ ಸೈಕಲ್ ಸಾಕು. ಓಟ ಮುಗಿಯುವ ಕಡೆ ನಿಂತು ಎದುರಿನಿಂದ ತೆಗೆಯುವಾಗ ಮಾತ್ರ ಪ್ಯಾನಿಂಗ್ ಆಗುವುದಿಲ್ಲ. ಅಲ್ಲಿ 1/1000ಕ್ಕಿಂತ ಕಡಿಮೆ ಬೇಡ. ಸಿಡಿಯುವ ಕೆಸರುನೀರೇ ಅಲ್ಲಿ ರಭಸವನ್ನು ಹೇಳುತ್ತದೆ.

ಇನ್ನು ನೀರು. ಜೋಗದ ಫೋಟೋ ಹಾಲು ಸುರಿದಂತೆ ಬರಬೇಕು ಎಂದು ತುಂಬ ಜನ ಆಸೆಪಡುತ್ತಾರೆ. ಬಿಸಿಲಿನಲ್ಲಿ ಎಫ್ 16, ಐಎಸ್‌ಒ 100 ಇಟ್ಟರೂ ಶಟರ್ 1/100ರ ಆಸುಪಾಸಿನಲ್ಲೇ ಇರುತ್ತದೆ. ‘ಎಸ್’ನಲ್ಲಿ ಅರ್ಧ ಸೆಕೆಂಡ್ ಇಟ್ಟರೆ ಫೋಟೋ ಪೂರ್ತಿ ಬೆಳ್ಳಗೆ ಸುಟ್ಟುಹೋಗುತ್ತದೆ. 6 ಸ್ಟಾಪ್‌ನ ಎನ್‌ಡಿ ಫಿಲ್ಟರ್ (ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು, ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧವಾಗುತ್ತದೆ) ಬೆಳಕನ್ನು 64ರಲ್ಲಿ ಒಂದು ಭಾಗಕ್ಕೆ ಇಳಿಸುತ್ತದೆ. ಆಗ ಅರ್ಧ ಸೆಕೆಂಡ್ ಸಿಗುತ್ತದೆ, ಜೊತೆಗೆ ಟ್ರೈಪಾಡ್ ಬೇಕು. ಆದರೆ ನನ್ನ ಅಭಿಪ್ರಾಯ ಹೇಳಲೇಬೇಕು. 253 ಮೀಟರ್ ಮೇಲಿನಿಂದ ಧುಮುಕುವ ರಾಜ, ರೋರರ್, ರಾಕೆಟ್, ರಾಣಿಯನ್ನು ರೇಷ್ಮೆ ಬಟ್ಟೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಮಳೆಗಾಲದ ಜೋಗಕ್ಕೆ ಒಂದು ಅಬ್ಬರ ಇದೆ, ಅಲ್ವಾ? 1/250 ಇಟ್ಟರೆ ನೀರಿನ ಎಳೆ, ಮುದ್ದೆ, ಮೇಲೇಳುವ ತುಂತುರು ಎಲ್ಲ ಉಳಿಯುತ್ತವೆ. ಹಾಲಿನಂಥ ನೀರು ಬೇಕಾದರೆ ಮಲೆನಾಡಿನ ಯಾವುದಾದರೂ ಸಣ್ಣ ಹಳ್ಳದ ಹತ್ತಿರ, ಮರದ ನೆರಳಿನಲ್ಲಿ, ಸಂಜೆ ಕೂತುಕೊಳ್ಳಿ. ಪಾಚಿ ಹಿಡಿದ ಕಲ್ಲುಗಳ ನಡುವೆ ಅದು ಎಷ್ಟು ಚೆನ್ನಾಗಿ ಕೂರುತ್ತದೆ ಎಂದು ನೋಡಿ. ಅಲ್ಲಿ ಫಿಲ್ಟರ್ ಕೂಡ ಬೇಕಾಗದಿರಬಹುದು.

‘ಎಸ್’ಗೂ ಒಂದು ಬಲೆ ಇದೆ. ನೀವು ಕೇಳಿದ ವೇಗಕ್ಕೆ ಬೇಕಾದಷ್ಟು ಲೆನ್ಸ್ ತೆರೆಯಲಾಗದಿದ್ದರೆ, ಪರದೆಯಲ್ಲಿ ಎಫ್ ಅಂಕಿ ಮಿನುಗುತ್ತದೆ ಅಥವಾ ಬೇರೆ ರೀತಿಯ ಎಚ್ಚರಿಕೆ ಬರುತ್ತದೆ. ಆದರೂ ಕ್ಯಾಮೆರಾ ಕ್ಲಿಕ್ ಮಾಡಿಬಿಡುತ್ತದೆ. ಸಂಜೆ ಕಿಟ್ ಲೆನ್ಸಿನಲ್ಲಿ 1/2000 ಇಟ್ಟವರ ಫೋಟೋ ಕಪ್ಪಾಗಿ ಬರುವುದು ಇದರಿಂದಲೇ. ಹಕ್ಕಿಗೆ ನಾನು ‘ಎಸ್’ ಬಿಟ್ಟು, ಶಟರ್ ಗೆರೆ ಹಾಕಿದ ‘ಎ’ಯನ್ನೇ ಬಳಸುವುದಕ್ಕೂ ಇದು ಒಂದು ಕಾರಣ. ಹಕ್ಕಿಯ ಲೆನ್ಸುಗಳಲ್ಲಿ ಹೇಗಿದ್ದರೂ ಪೂರ್ತಿ ತೆರೆದ ಕಿಂಡಿಯೇ ಬೇಕಾಗುತ್ತದೆ. ಅದನ್ನು ನಾನೇ ಹಿಡಿದಿಟ್ಟುಕೊಂಡರೆ ಉಳಿದದ್ದು ಶಟರ್ ಮತ್ತು ಐಎಸ್‌ಒ ನಡುವಿನ ಮಾತು ಮಾತ್ರ.

ಎರಡರ ನಡುವೆ ಗೊಂದಲ ಆಗುವ ಜಾಗ ಎಂದರೆ ಮದುವೆ ಮನೆ. ಗಟ್ಟಿಮೇಳ ಶುರುವಾದಾಗ ಅಕ್ಷತೆ ಹಾರುವ ಆ ಕ್ಷಣಕ್ಕೆ ‘ಎಸ್’ ಬೇಕು ಅನ್ನಿಸುತ್ತದೆ. 1/500ರಲ್ಲಿ ಅಕ್ಕಿಕಾಳು ಚುಕ್ಕೆಗಳಾಗಿ ನಿಲ್ಲುತ್ತವೆ, 1/60ರಲ್ಲಿ ಗೆರೆಗಳಾಗುತ್ತವೆ. ಎರಡೂ ಚೆಂದವೇ. ಆದರೆ ಆ ಒಂದು ಕ್ಷಣದ ಆಚೆಗೆ ಇಡೀ ದಿನ ನೀವು ಮಂಟಪದಿಂದ ಊಟದ ಮನೆಗೆ, ಅಲ್ಲಿಂದ ಬಾಗಿಲ ಬೆಳಕಿಗೆ ಓಡಾಡುತ್ತಿರುತ್ತೀರಿ. ಬೆಳಕು ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ. ಎಫ್ 4, ಆಟೋ ಐಎಸ್‌ಒ, 1/200ರ ಗೆರೆ ಹಾಕಿದ ‘ಎ’ಯೇ ಸುಲಭ. ಮುಹೂರ್ತಕ್ಕೆ ಐದು ನಿಮಿಷ ಇರುವಾಗ ಗೆರೆಯನ್ನು 1/500ಕ್ಕೆ ಏರಿಸಿಕೊಂಡರೆ ಆಯಿತು.

‘ಎಂ’: ಬೆಳಕು ನಿಂತಲ್ಲಿ

ಮ್ಯಾನ್ಯುಯಲ್‌ನ ನಿಜವಾದ ಬೆಲೆ ನನಗೆ ಗೊತ್ತಾದದ್ದು ಯಕ್ಷಗಾನದಲ್ಲಿ. ಬಯಲಿನಲ್ಲಿ ರಂಗಸ್ಥಳ, ಹಿಂದೆ ರಾತ್ರಿಯ ಕಪ್ಪು. ‘ಎ’ಯಲ್ಲಿಟ್ಟ ಕ್ಯಾಮೆರಾ ಆ ಕಪ್ಪನ್ನೆಲ್ಲ ನೋಡಿ "ಬೆಳಕು ಸಾಲದು" ಎಂದುಕೊಂಡು ಎಲ್ಲವನ್ನೂ ಬೆಳಗಿಸುತ್ತದೆ. ವೇಷಧಾರಿಯ ಮುಖದ ಬಣ್ಣಗಾರಿಕೆ ಸುಟ್ಟುಹೋಗುತ್ತದೆ. ಎರಡು ಹೆಜ್ಜೆ ಮುಂದೆ ಬಂದು ಕಿರೀಟ ಚೌಕಟ್ಟು ತುಂಬಿದರೆ ಅದೇ ಕ್ಯಾಮೆರಾ ಈಗ ಕಪ್ಪಾಗಿಸುತ್ತದೆ. ರಂಗದ ಮೇಲಿನ ದೀಪ ಒಂದಿಷ್ಟೂ ಬದಲಾಗಿಲ್ಲ, ಬದಲಾದದ್ದು ಚೌಕಟ್ಟಿನೊಳಗೆ ಕಪ್ಪು ಎಷ್ಟಿದೆ ಎಂಬುದು ಮಾತ್ರ.

ಇಂಥಲ್ಲಿ ಆಟ ಶುರುವಾದ ಮೊದಲ ಹತ್ತು ನಿಮಿಷದಲ್ಲೇ ಲೆಕ್ಕ ಮುಗಿಸಿಕೊಳ್ಳಿ. ಐಎಸ್‌ಒ 3200, ಎಫ್ 2.8, 1/250 ಇಂದ ಶುರು ಮಾಡಿ, ಮುಖ ನೋಡಿ ಹೆಚ್ಚುಕಡಿಮೆ ಮಾಡಿ. ಇಡೀ ಚಿತ್ರ ನೋಡಬೇಡಿ, ಮುಖ ಮಾತ್ರ ನೋಡಿ. ಆಟೋ ಐಎಸ್‌ಒ ಆಫ್ ಇರಲಿ, ಇಲ್ಲದಿದ್ದರೆ ಮ್ಯಾನ್ಯುಯಲ್ ಇಟ್ಟೂ ಫಲವಿಲ್ಲ. ವೇಷಭೂಷಣದ ಕೆಂಪು ಎಲ್ಲಕ್ಕಿಂತ ಮೊದಲು ಸುಡುತ್ತದೆ. ಕೆಂಪು ಬಟ್ಟೆಯ ನಿರಿಗೆ ಕಾಣದೆ ಬರೀ ಒಂದು ಕೆಂಪು ಮುದ್ದೆಯಾಗಿದ್ದರೆ ಬೆಳಕನ್ನು ಇನ್ನೂ ಸ್ವಲ್ಪ ಇಳಿಸಿ. ದಿಂಗಿಣ (ಗಿರಗಿರನೆ ಸುತ್ತುವ ಕುಣಿತ) ಹಾಕುವಾಗ 1/500ಕ್ಕೆ ಏರಿಸಿದರೆ ವೇಷ ಗಾಳಿಯಲ್ಲಿ ನಿಲ್ಲುತ್ತದೆ, 1/30ಕ್ಕೆ ಇಳಿಸಿದರೆ ಬಣ್ಣದ ಸುಳಿಯಾಗುತ್ತದೆ. ಒಂದು ಆಟದಲ್ಲಿ ಎರಡನ್ನೂ ಪ್ರಯತ್ನಿಸಬಹುದು. ಶಟರ್ ಬದಲಿಸಿದಾಗ ಅದಕ್ಕೆ ತಕ್ಕಂತೆ ಐಎಸ್‌ಒ ಅಥವಾ ಕಿಂಡಿಯನ್ನೂ ಬದಲಿಸಬೇಕು ಎಂಬುದು ನೆನಪಿರಲಿ. ದೀಪದ ಬಣ್ಣಕ್ಕೆ ತಕ್ಕಂತೆ ಫೋಟೋದ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನೂ ಆಟೋದಿಂದ ತೆಗೆದು ಒಂದು ಕಡೆ ನಿಲ್ಲಿಸಿ. ಫ್ಲ್ಯಾಶ್ ಮಾತ್ರ ದಯವಿಟ್ಟು ಬೇಡ. ಕುಣಿಯುವವರ ಕಣ್ಣಿಗೂ ತೊಂದರೆ, ನೋಡುವವರಿಗೂ ತೊಂದರೆ.

ಬೆಳಗಿನ ಜಾವ ಆಕಾಶ ಬಿಳಿಚತೊಡಗಿದಾಗ ರಾತ್ರಿಯ ಲೆಕ್ಕವೆಲ್ಲ ಮುಗಿಯಿತು. ಐದೈದು ನಿಮಿಷಕ್ಕೂ ಬೆಳಕು ಏರುತ್ತದೆ. ಆಗ ನಾನು ಮತ್ತೆ ‘ಎ’ಗೆ ಬರುತ್ತೇನೆ.

ದೀಪಗಳ ಬಗ್ಗೆ ಇನ್ನೊಂದು ಮಾತು. ನಮ್ಮ ದೇಶದ ವಿದ್ಯುತ್ 50 ಹರ್ಟ್ಜ್. ಹಾಗಾಗಿ ಟ್ಯೂಬ್‌ಲೈಟ್, ಹಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಶಟರ್‌ಗೆ ಗೊತ್ತಾಗುತ್ತದೆ. 1/500ರಂಥ ವೇಗದಲ್ಲಿ ಒಂದು ಫೋಟೋ ಬೆಳ್ಳಗೆ, ಮುಂದಿನದು ಮಂಕಾಗಿ, ಕೆಲವೊಮ್ಮೆ ಅಡ್ಡಪಟ್ಟಿ ಸಮೇತ ಬರುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಪಟ್ಟಿಗಳು ಇನ್ನೂ ಜಾಸ್ತಿ. ಸಾಧ್ಯವಾದ ಕಡೆ 1/50 ಅಥವಾ 1/100 ಇಟ್ಟರೆ ಈ ಕಾಟ ಬಹುತೇಕ ನಿಲ್ಲುತ್ತದೆ. ನಿಮ್ಮ ಮೆನುವಿನಲ್ಲಿ ಆಂಟಿ ಫ್ಲಿಕರ್ ಇದ್ದರೆ ಆನ್ ಮಾಡಿಕೊಳ್ಳಿ. ಕಲ್ಯಾಣ ಮಂಟಪದಲ್ಲಿ ಫೋಟೋಗಳ ಬಣ್ಣ ಒಂದೊಂದು ಥರ ಬಂದಾಗ ಕ್ಯಾಮೆರಾ ಕೆಟ್ಟಿದೆ ಎಂದು ಹೆದರುವವರಿದ್ದಾರೆ. ಎಷ್ಟೋ ಸಲ ತಪ್ಪು ದೀಪದ್ದು.

ಮೈಸೂರು ಅರಮನೆಯ ದೀಪಾಲಂಕಾರಕ್ಕೂ ‘ಎಂ’ ಒಳ್ಳೆಯದು. ಟ್ರೈಪಾಡ್ ಇಡಲು ಜಾಗ ಸಿಕ್ಕರೆ ಐಎಸ್‌ಒ 100, ಎಫ್ 8, ಎರಡು ಸೆಕೆಂಡಿನಿಂದ ಪ್ರಯತ್ನಿಸಿ. ದೀಪ ಹತ್ತಿದ ಕೂಡಲೇ, ಆಕಾಶದಲ್ಲಿ ಇನ್ನೂ ನೀಲಿ ಉಳಿದಿರುವಾಗ ತೆಗೆದದ್ದು ಪೂರ್ತಿ ಕತ್ತಲಾದ ಮೇಲಿನದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ. ಹುಣ್ಣಿಮೆ ಚಂದ್ರನಿಗೆ ಎಫ್ 11, ಐಎಸ್‌ಒ 100, 1/100. ಚಂದ್ರನ ಮೇಲೆ ಬಿದ್ದಿರುವುದು ನೇರ ಬಿಸಿಲು, ಆದ್ದರಿಂದ ಕತ್ತಲ ರಾತ್ರಿಯಲ್ಲೂ ಇಷ್ಟು ಕಡಿಮೆ ಸಾಕಾಗುತ್ತದೆ. ಹಂಪಿಯ ಮಾತಂಗ ಬೆಟ್ಟದ ಮೇಲೆ ನಿಂತು ಐದಾರು ಫೋಟೋ ಜೋಡಿಸಿ ಪನೋರಮಾ ಮಾಡುವುದಿದ್ದರೂ ‘ಎಂ’ ಬೇಕು, ಇಲ್ಲದಿದ್ದರೆ ಜೋಡಿಸಿದ ಕಡೆ ಆಕಾಶದ ಬಣ್ಣ ಹೊಂದುವುದಿಲ್ಲ.

ಮೋಡ್‌ಗಿಂತ ಮುಖ್ಯವಾದ ಒಂದು ಗುಂಡಿ

‘ಎ’, ‘ಎಸ್’ ಇವೆರಡರಲ್ಲೂ ಕೂಡು ಕಳೆ ಚಿಹ್ನೆ ಇರುವ ಗುಂಡಿ ಅಥವಾ ಡಯಲ್ ಕೆಲಸ ಮಾಡುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಎನ್ನುವುದು ಇದಕ್ಕೇ. ಪ್ಲಸ್ ಮಾಡಿದರೆ ಫೋಟೋ ಬೆಳ್ಳಗಾಗುತ್ತದೆ, ಮೈನಸ್ ಮಾಡಿದರೆ ಕಪ್ಪಾಗುತ್ತದೆ. ಇದನ್ನು ಕಲಿಯದೆ ‘ಎಂ’ಗೆ ಹಾರಿದವರು ತುಂಬ ಜನ. ಕ್ಯಾಮೆರಾಕ್ಕೆ ಬಣ್ಣ ಗೊತ್ತಿಲ್ಲ, ವಸ್ತು ಗೊತ್ತಿಲ್ಲ. ಎದುರಿಗೆ ಏನೇ ಇದ್ದರೂ ಒಟ್ಟು ಚಿತ್ರವನ್ನು ನಡುಮಟ್ಟದ ಬೂದು ಬಣ್ಣಕ್ಕೆ ತರಲು ನೋಡುತ್ತದೆ.

ಬೆಳ್ಳಕ್ಕಿಯನ್ನೇ ತೆಗೆದುಕೊಳ್ಳಿ. ದಟ್ಟ ಹಸಿರು ಮರದ ಮುಂದೆ ಚಿಕ್ಕದಾಗಿ ಕಾಣುವ ಬೆಳ್ಳಕ್ಕಿ. ಚೌಕಟ್ಟಿನ ಬಹುಪಾಲು ಗಾಢ ಬಣ್ಣ, ಕ್ಯಾಮೆರಾ ಬೆಳಗಿಸುತ್ತದೆ, ಹಕ್ಕಿಯ ಪುಕ್ಕ ಸುಟ್ಟು ಬಿಳಿ ಕಾಗದದ ತುಂಡಿನಂತಾಗುತ್ತದೆ. ಅಲ್ಲಿ ಮೈನಸ್ 1. ಅದೇ ಬೆಳ್ಳಕ್ಕಿ ಹತ್ತಿರ ಬಂದು ಚೌಕಟ್ಟು ತುಂಬಿತು ಅಂದುಕೊಳ್ಳಿ. ಈಗ ಎಲ್ಲಾ ಬಿಳಿ, ಕ್ಯಾಮೆರಾ ಅದನ್ನು ಬೂದು ಮಾಡುತ್ತದೆ. ಅಲ್ಲಿ ಪ್ಲಸ್ 0.7. ಹಕ್ಕಿ ಒಂದೇ, ಬೆಳಕು ಒಂದೇ, ತಿದ್ದುಪಡಿ ಮಾತ್ರ ತದ್ವಿರುದ್ಧ. ಇದು ಅರ್ಥವಾದ ದಿನ ಮೋಡ್‌ಗಳ ಬಗೆಗಿನ ಅರ್ಧ ಗೊಂದಲ ನನಗೆ ಕರಗಿತು. ಕ್ಲಿಕ್ ಮಾಡಿದ ಮೇಲೆ ಹಿಸ್ಟೋಗ್ರಾಂ ನೋಡುವ ಅಭ್ಯಾಸ ಮಾಡಿಕೊಳ್ಳಿ. ಎಡತುದಿಯ ಕಪ್ಪಿನಿಂದ ಬಲತುದಿಯ ಬಿಳಿಯವರೆಗೆ ಫೋಟೋದಲ್ಲಿ ಯಾವುದು ಎಷ್ಟಿದೆ ಎಂದು ಗುಡ್ಡದ ಆಕಾರದಲ್ಲಿ ತೋರಿಸುವ ನಕ್ಷೆ ಅದು. ಗುಡ್ಡ ಬಲಗೋಡೆಗೆ ಅಂಟಿಕೊಂಡಿದ್ದರೆ ಬಿಳಿ ಸುಟ್ಟಿದೆ ಎಂದೇ ಅರ್ಥ. ಬಿಸಿಲಿನಲ್ಲಿ ಪರದೆಯನ್ನು ನಂಬಲಾಗುವುದಿಲ್ಲ, ಹಿಸ್ಟೋಗ್ರಾಂ ನಂಬಬಹುದು.

ಶುರು ಮಾಡುವವರು ಮೊದಲ ಒಂದು ತಿಂಗಳು ‘ಎ’ ಮತ್ತು ಈ ಗುಂಡಿ, ಇಷ್ಟರಲ್ಲೇ ಇರಿ. ಎರಡನೇ ತಿಂಗಳು ಒಂದು ಭಾನುವಾರ ಪೂರ್ತಿ ‘ಎಸ್’ನಲ್ಲಿ ರಸ್ತೆಬದಿ ನಿಂತು ಪ್ಯಾನಿಂಗ್ ಮಾಡಿ. ‘ಎಂ’ ಕಲಿಯಲು ಹಗಲು ಬೇಡ. ರಾತ್ರಿ ಮನೆಯೊಳಗೆ ಒಂದು ದೀಪ ಹಚ್ಚಿ, ಕಿಟಕಿ ಮುಚ್ಚಿ, ಮೇಜಿನ ಮೇಲೆ ಒಂದು ಬಿಳಿ ಲೋಟ, ಒಂದು ಕಪ್ಪು ಛತ್ರಿ ಇಟ್ಟು ತೆಗೆಯಿರಿ. ಬೆಳಕು ಬದಲಾಗದ ಕಾರಣ ನೀವು ಒಂದು ಅಂಕಿ ಬದಲಿಸಿದಾಗ ಏನಾಯಿತು ಎಂಬುದು ಕಣ್ಣಿಗೆ ಕಾಣುತ್ತದೆ.

ಮತ್ತು ಕ್ಯಾಮೆರಾವನ್ನು ಬ್ಯಾಗಿಗೆ ಇಡುವ ಮೊದಲು ಪ್ರತಿ ಸಲವೂ ಡಯಲ್ ‘ಎ’ಗೆ, ಎಫ್ 5.6, ಆಟೋ ಐಎಸ್‌ಒ, ಕೂಡು ಕಳೆ ಸೊನ್ನೆಗೆ ತಂದಿಡಿ. ರಾತ್ರಿ ಆಟದ 3200 ಐಎಸ್‌ಒ ಬೆಳಿಗ್ಗೆಯ ಬಿಸಿಲಿಗೂ ಹಾಗೇ ಉಳಿದು ಹಾಳಾದ ಫೋಟೋಗಳು ನನ್ನ ಹತ್ತಿರವೇ ಇವೆ. ಮನೆಗೆ ಬರುವ ದಾರಿಯಲ್ಲಿ ನವಿಲೊಂದು ರಸ್ತೆ ದಾಟುವಾಗ ಸಿಗುವುದು ಎರಡೇ ಸೆಕೆಂಡ್.